ಆರು ತಿಂಗಳ ದಾರಿ, ಇಪ್ಪತ್ತಮೂರು ದಿನದ ದಾರಿ

ರಜೆಗೆ ಊರಿಗೆ ಹೊರಡುವ ಮುಂಚೆ ನಾವೆಲ್ಲ ಒಂದು ಲೆಕ್ಕ ಹಾಕ್ತೇವೆ. ಒಟ್ಟು ಮೂವತ್ತು ದಿನ. ಹೋಗೋಕೆ ಒಂದು, ಬರೋಕೆ ಒಂದು ಕಳೀಬೇಕು. ತಂಗಿಯ ಮನೆ ಮದುವೆಗೆ ನಾಲ್ಕು, ಬ್ಯಾಂಕು ಮತ್ತು ತಾಲ್ಲೂಕು ಆಫೀಸಿಗೆ ಮೂರು, ಅಮ್ಮನ ಆಸ್ಪತ್ರೆಗೆ ಎರಡು. ಉಳಿದದ್ದು ಮನೆಗೆ. ವಿಮಾನ ನಾಲ್ಕು ಗಂಟೆ ತಡ ಅಂದ್ರೆ ಸಾಕು, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅರ್ಧ ರಾತ್ರಿ ತನಕ ಬೈಗುಳ ನಿಲ್ಲೋದಿಲ್ಲ. ಇಷ್ಟಕ್ಕೂ ದುಬೈಯಿಂದ ಮಂಗಳೂರಿಗೆ ವಿಮಾನದಲ್ಲಿ ಕೂತಿರೋದು ಮೂರೂವರೆ ಗಂಟೆ ಆಸುಪಾಸು.

ನಮ್ಮದು ಜಮಾ-ಖರ್ಚು ಬರೆಯುವ ಕಸುಬು. ಹಾಗಾಗಿ ಈ 'ದಾರಿಯ ದಿನ' ಅನ್ನೋ ಬಾಬತ್ತಿನ ಮೇಲೆ ನಮಗೆ ಮೊದಲಿಂದಲೂ ಒಂದು ಕಣ್ಣು. ದುಡಿಯೋಕೆ ದೇಶ ಬಿಟ್ಟವನ ಆಯುಷ್ಯದಲ್ಲಿ ದಾರಿಗೆ ಎಷ್ಟು ಹೋಗುತ್ತೆ? ಇದನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಹತ್ತೊಂಬತ್ತನೇ ಶತಮಾನದ ಸಿಪಾಯಿಗಳ ಲೆಕ್ಕ. ಸಂಬಳಕ್ಕಾಗಿ ಸಮುದ್ರ ದಾಟಿದವರಲ್ಲಿ ಅವರಷ್ಟು ದೊಡ್ಡ ಗುಂಪು ಆ ಕಾಲದಲ್ಲಿ ಹೆಚ್ಚಿರಲಿಲ್ಲ. ಅದರಲ್ಲಿ ನಮ್ಮ ಕನ್ನಡ ನಾಡಿಗೆ ಬಂದವರೂ ಇದ್ದಾರೆ, ನಾವೀಗ ಇರುವ ಈ ಕೊಲ್ಲಿಯ ದಡಕ್ಕೆ ಬಂದವರೂ ಇದ್ದಾರೆ.

ಹಾಯಿಹಡಗಿನ ಕಾಲ

ಶ್ರೀರಂಗಪಟ್ಟಣದಿಂದಲೇ ಶುರು ಮಾಡೋಣ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಕಾಳಗ ನಮಗೆಲ್ಲ ಗೊತ್ತು. ಆ ದಂಡಿನಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಅನ್ನಿಸಿಕೊಂಡವನು, ಅವನ 33ನೇ ಪಲ್ಟನ್ ಇಂಗ್ಲೆಂಡು ಬಿಟ್ಟದ್ದು 1796ರ ಏಪ್ರಿಲಿನಲ್ಲಿ. ಅವನು ಜೂನಿನಲ್ಲಿ ಬೇರೆ ಹಡಗಿನಲ್ಲಿ ಹೊರಟು ಆಫ್ರಿಕಾದ ದಕ್ಷಿಣ ತುದಿಯಲ್ಲಿ ತನ್ನ ಪಲ್ಟನ್ ಸೇರಿಕೊಂಡ. ಅವರೆಲ್ಲ ಕಲ್ಕತ್ತದಲ್ಲಿ ಇಳಿದದ್ದು 1797ರ ಫೆಬ್ರವರಿಯಲ್ಲಿ. ನಡುವೆ ತಂಗಿದ್ದು, ಕಾದದ್ದು ಎಲ್ಲ ಸೇರಿ ಸಾಮಾನ್ಯ ಸಿಪಾಯಿಗೆ ಹತ್ತು ತಿಂಗಳ ದಾರಿ. ಅಷ್ಟು ದೂರ ಬಂದ ಪಲ್ಟನ್ ಬೇಗ ವಾಪಸಾಗಲೂ ಇಲ್ಲ, ಹದಿನೈದು ವರ್ಷದ ಹತ್ತಿರ ಇಲ್ಲೇ ಉಳಿಯಿತು. ವೆಲ್ಲೆಸ್ಲಿ ಮಾತ್ರ 1805ರ ಮಾರ್ಚಿನಲ್ಲಿ ಮದ್ರಾಸಿನಿಂದ ಹೊರಟು, ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತಂಗಿ, ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಕಂಡ. ಅದು ಆರು ತಿಂಗಳು. ಹತ್ತು ವರ್ಷದ ನಂತರ ಅದೇ ದ್ವೀಪಕ್ಕೆ ನೆಪೋಲಿಯನ್ನನನ್ನು ಕೈದಿಯಾಗಿ ಕಳಿಸಿದರು. ಯಾರೂ ಸುಲಭಕ್ಕೆ ತಪ್ಪಿಸಿಕೊಂಡು ಬರಲಾಗದಷ್ಟು ದೂರದ ಜಾಗ ಅದು. ನಮ್ಮ ಸಿಪಾಯಿಗಳಿಗೆ ಮಾತ್ರ ಅದು ದಾರಿಯ ನಡುವಿನ ತಂಗುದಾಣ.

ಯಾಕಿಷ್ಟು ಹೊತ್ತು? ಹಾಯಿಹಡಗು ನೇರ ಗೆರೆಯಲ್ಲಿ ಹೋಗೋದಿಲ್ಲ, ಗಾಳಿ ಇದ್ದ ಕಡೆ ಹೋಗುತ್ತೆ. ಇಂಗ್ಲೆಂಡಿನಿಂದ ಅಟ್ಲಾಂಟಿಕ್ ಇಳಿದು, ಗಾಳಿ ಹುಡುಕಿಕೊಂಡು ಬ್ರೆಜಿಲ್ ಕಡೆಗೆ ವಾಲಿ, ಅಲ್ಲಿಂದ ಪೂರ್ವಕ್ಕೆ ತಿರುಗಿ ಗುಡ್ ಹೋಪ್ ಭೂಶಿರ ಸುತ್ತಿ, ಆಮೇಲೆ ಮುಂಗಾರಿನ ಗಾಳಿ ಹಿಡಿದು ಭಾರತಕ್ಕೆ ಬರಬೇಕು. ಸಮಭಾಜಕದ ಹತ್ತಿರ ಗಾಳಿಯೇ ಬೀಸದೆ ಹಡಗು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತಿತ್ತು. ಎಲ್ಲ ಸರಿಯಾಗಿದ್ದರೆ ನಾಲ್ಕು ತಿಂಗಳು, ಇಲ್ಲದಿದ್ದರೆ ಆರು. ಹೊರಡುವ ದಿನ ಹೇಳಬಹುದಿತ್ತು. ತಲುಪುವ ದಿನ ಹೇಳುವಂತಿರಲಿಲ್ಲ.

ಹಡಗಿನೊಳಗೆ ಸಿಪಾಯಿಯ ಜಾಗ ಅಂದರೆ ಕೆಳ ಅಂತಸ್ತಿನಲ್ಲಿ ಒಂದು ಜೋಲಿ. ಪಕ್ಕದವನ ಜೋಲಿಗೂ ಇವನದಕ್ಕೂ ನಡುವೆ ಗೇಣು ಜಾಗ ಇದ್ದರೆ ಪುಣ್ಯ. ಲೇಬರ್ ಕ್ಯಾಂಪಿನ ರೂಮಿನಲ್ಲಿ ಅಂತಸ್ತಿನ ಮಂಚದ ಮೇಲೆ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟಕ್ಕೆ ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು, ಅಳತೆಯ ನೀರು, ಅಳತೆಯ ರಮ್ಮು. ಹಣ್ಣು ತರಕಾರಿ ಇಲ್ಲದೆ ವಸಡು ಬಾತು ರಕ್ತ ಸುರಿಯುವ ಕಾಯಿಲೆ ಬರದಿರಲಿ ಅಂತ ನಿಂಬೆರಸ. ಬಿರುಗಾಳಿ ಎದ್ದರೆ ಮೇಲಿನ ಬಾಗಿಲು ಮುಚ್ಚಿ, ನೂರಾರು ಜನ ಕತ್ತಲಲ್ಲಿ ವಾಂತಿಯ ನಾತದಲ್ಲಿ ಬಿದ್ದಿರಬೇಕು. ಸತ್ತವನನ್ನು ಅವನದೇ ಜೋಲಿಯಲ್ಲಿ ಹೊಲಿದು, ಕಾಲಿಗೆ ಭಾರ ಕಟ್ಟಿ ನೀರಿಗೆ ಬಿಡುತ್ತಿದ್ದರು. ಮನೆಯವರಿಗೆ ಆ ಸುದ್ದಿ ಮುಟ್ಟುವುದು ಇನ್ನೆಷ್ಟೋ ತಿಂಗಳ ಮೇಲೆ.

ನೂರಕ್ಕೆ ಆರು

ಇಷ್ಟು ಓದಿದಾಗ ನಮಗೆ ದಾರಿಯ ಕಷ್ಟಕ್ಕಿಂತ ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಬ್ರಿಟಿಷ್ ಪಲ್ಟನ್ ಹೊರದೇಶಕ್ಕೆ ಹೊರಟಾಗ ಸಿಪಾಯಿಗಳ ಜೊತೆ ಎಷ್ಟು ಹೆಂಡಿರು ಹೋಗಬಹುದು ಅನ್ನೋದಕ್ಕೆ ಲೆಕ್ಕ ಇತ್ತು. ನೂರು ಸಿಪಾಯಿಗೆ ಆರು. ಭಾರತದಂಥ ದೂರದ ಜಾಗಕ್ಕಾದರೆ ಹನ್ನೆರಡು. ಅದಕ್ಕಿಂತ ಹೆಚ್ಚು ಹೆಂಗಸರಿದ್ದರೆ ಚೀಟಿ ಎತ್ತಿಸುತ್ತಿದ್ದರು. ಒಂದು ಚೀಟಿಯಲ್ಲಿ 'ಹೋಗಬಹುದು', ಇನ್ನೊಂದರಲ್ಲಿ 'ಇರಬೇಕು' ಅಂತ ಬರೆದಿರೋದು. ಹೊರಡುವ ಹೊತ್ತು ಹತ್ತಿರ ಬಂದಾಗ, ಕಂಕುಳಲ್ಲಿ ಕೂಸು ಇಟ್ಟುಕೊಂಡು, ಆ ಹೆಣ್ಣುಮಕ್ಕಳು ಟೋಪಿಯೊಳಗೋ ಪೆಟ್ಟಿಗೆಯೊಳಗೋ ಕೈ ಹಾಕುತ್ತಿದ್ದರು.

'ಇರಬೇಕು' ಅಂತ ಬಂದವಳಿಗೆ ದಾರಿ ಖರ್ಚಿಗೆ ಒಂದಿಷ್ಟು ಕಾಸು ಕೊಟ್ಟು ಅವಳ ಹುಟ್ಟೂರಿನ ಪ್ಯಾರಿಷ್‌ಗೆ, ಅಂದರೆ ಬಡವರನ್ನು ನೋಡಿಕೊಳ್ಳುವ ಸ್ಥಳೀಯ ಚರ್ಚಿನ ವ್ಯವಸ್ಥೆಗೆ, ಕಳಿಸುತ್ತಿದ್ದರು. ಅವಳ ಗಂಡ ಜೀವಮಾನದ ಕರಾರಿಗೆ ಸಹಿ ಹಾಕಿದವನಾಗಿದ್ದರೆ, ಅವನು ಆರು ತಿಂಗಳ ದಾರಿ ಹೋಗಿ, ಹತ್ತು ಹದಿನೈದು ವರ್ಷ ಇದ್ದು, ಬದುಕಿ ಉಳಿದರೆ ಮತ್ತೆ ಆರು ತಿಂಗಳ ದಾರಿ ಬರಬೇಕು. ಎಷ್ಟೋ ಜನರಿಗೆ ಆ ಧಕ್ಕೆಯ ಮೇಲಿನ ವಿದಾಯವೇ ಕೊನೆಯದು. ಮೇಲಧಿಕಾರಿಯ ಒಪ್ಪಿಗೆ ಇಲ್ಲದೆ ಮದುವೆಯಾದವನ ಹೆಂಡತಿಗೆ ಚೀಟಿ ಎತ್ತುವ ಭಾಗ್ಯವೂ ಇರಲಿಲ್ಲ. ಪಲ್ಟನ್ನಿನ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ಲೆಕ್ಕದಲ್ಲಿ ಇಲ್ಲದವಳಿಗೆ ಹಡಗಿನಲ್ಲಿ ಜಾಗ ಎಲ್ಲಿಂದ?

ಈ ಕಡೆಯಿಂದ ಹೊರಟವರು

ಇದು ಬಿಳಿಯರ ಕಥೆ ಮಾತ್ರ ಅಲ್ಲ. ಭಾರತದ ಸಿಪಾಯಿಗಳೂ ಸಮುದ್ರ ದಾಟಿದರು. ನಾವಿರುವ ಎಮಿರೇಟ್ಸಿನ ದಡಕ್ಕೇ ಬಂದದ್ದು ನೋಡಿ. 1819ರ ನವೆಂಬರ್ ಮೊದಲ ವಾರ ಜನರಲ್ ವಿಲಿಯಂ ಕೀರ್ ಗ್ರಾಂಟನ ಕೈಕೆಳಗೆ ಸುಮಾರು 3,000 ಜನರ ದಂಡು ಬೊಂಬಾಯಿಯಿಂದ ಹಾಯಿ ಎತ್ತಿತು. ಅದರಲ್ಲಿ ಬ್ರಿಟಿಷ್ ಪಲ್ಟನ್ನುಗಳ ಜೊತೆ ಬೊಂಬಾಯಿ ಸೈನ್ಯದ ಸಿಪಾಯಿಗಳೂ ಇದ್ದರು. ಅವರು ರಾಸ್ ಅಲ್ ಖೈಮಾದಲ್ಲಿ ಇಳಿದದ್ದು ಡಿಸೆಂಬರ್ ಮೊದಲ ವಾರ. ಬೊಂಬಾಯಿಯಿಂದ ರಾಸ್ ಅಲ್ ಖೈಮಾಕ್ಕೆ ಒಂದು ತಿಂಗಳು! ಇವತ್ತು ಶುಕ್ರವಾರ ಕಾರು ಹತ್ತಿ ಅಲ್ಲಿಯ ಬೆಟ್ಟ ನೋಡಿ ಸಂಜೆಗೆ ವಾಪಸ್ ಬರುವ ನಮಗೆ ಆ ಕೋಟೆಯ ಮುಂದೆ ನಿಂತಾಗ ಈ ವಿಷಯ ತಿಳಿದಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆವೋ ಏನೋ.

ನಮ್ಮ ಸಿಪಾಯಿಗಳಿಗೆ ದಾರಿಯ ದಿನಗಳ ಜೊತೆಗೆ ಜಾತಿ-ಆಚಾರದ ಭಯ ಬೇರೆ. ಸಮುದ್ರ ದಾಟಿದರೆ ಊರಲ್ಲಿ ಒಳಗೆ ಸೇರಿಸ್ತಾರೋ ಇಲ್ಲವೋ. ಹಡಗಿನಲ್ಲಿ ಎಲ್ಲರ ಒಲೆ ಒಂದೇ ಅಂತ ಮೇಲ್ಜಾತಿಯ ಅನೇಕರು ಬೇಯಿಸಿದ್ದನ್ನು ಮುಟ್ಟದೆ ಹುರಿಗಡಲೆಯಂಥ ಒಣ ತಿನಿಸಿನಲ್ಲೇ ದಿನ ದೂಡುತ್ತಿದ್ದರು. ಕುಡಿಯುವ ನೀರಿನ ಪೀಪಾಯಿ ಬೇರೆ ಇಡಬೇಕಿತ್ತು. 1852ರಲ್ಲಿ ಬಂಗಾಳದ 38ನೇ ಪಲ್ಟನ್ ಬರ್ಮಾಕ್ಕೆ ಹಡಗಿನಲ್ಲಿ ಬರೋದಿಲ್ಲ ಅಂದುಬಿಟ್ಟಿತು. 1856ರಲ್ಲಿ ಸರ್ಕಾರ, ಇನ್ನು ಮುಂದೆ ಬಂಗಾಳ ಸೈನ್ಯ ಸೇರುವ ಪ್ರತಿಯೊಬ್ಬನೂ ಎಲ್ಲಿ ಕರೆದರೆ ಅಲ್ಲಿಗೆ, ಕಡಲಾಚೆಗೂ ಬರುತ್ತೇನೆ ಅಂತ ಒಪ್ಪಲೇಬೇಕು ಎಂದು ಕಾಯಿದೆ ಮಾಡಿತು. ಮರುವರ್ಷದ ದಂಗೆಗೆ ಇದೂ ಒಂದು ಕಾರಣ ಅನ್ನುತ್ತಾರೆ ಇತಿಹಾಸಕಾರರು.

ದಕ್ಷಿಣದ ಮದ್ರಾಸ್ ಸೈನ್ಯದವರು ಅವರಿಗಿಂತ ಹೆಚ್ಚು ಕಡಲು ದಾಟಿದರು. ಜಾವಾ, ಬರ್ಮಾ, ಚೀನಾ ಎಲ್ಲ ಕಡೆ ಹೋದರು. ಅವರು ಹೊರಡುವ ಮುಂಚೆ ಸಂಬಳದ ಒಂದು ಪಾಲು ಊರಿನಲ್ಲಿ ಮನೆಯವರ ಕೈಗೆ ಸಲ್ಲುವ ಹಾಗೆ ಬರೆಸಿಟ್ಟು ಹೋಗುವ ಏರ್ಪಾಟಿತ್ತು. ಇದನ್ನು ಓದಿದಾಗ ನಮಗೆ ತಿಂಗಳ ಮೊದಲ ವಾರ ಎಕ್ಸ್‌ಚೇಂಜ್ ಮುಂದೆ ನಿಲ್ಲುವ ಸಾಲು ನೆನಪಾಯಿತು. ದುಡ್ಡು ಮನೆಗೆ ಹೋಗಬೇಕು ಅನ್ನೋದು ನಮ್ಮಿಂದ ಶುರುವಾದ ಚಿಂತೆ ಏನಲ್ಲ.

ಸುದ್ದಿ ಒಂದು ದಾರಿ, ಸೈನ್ಯ ಇನ್ನೊಂದು ದಾರಿ

ದಾರಿ ಉದ್ದವಾದರೆ ಏನಾಗುತ್ತೆ ಅನ್ನೋದು 1857ರಲ್ಲಿ ಇಂಗ್ಲೆಂಡಿಗೆ ಚೆನ್ನಾಗಿ ಅರ್ಥವಾಯಿತು. ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ಎದ್ದರು. ಆ ಸುದ್ದಿ ಲಂಡನ್ ಮುಟ್ಟಿದ್ದು ಜೂನ್ ಕೊನೆಯ ವಾರ. ಹೊಸ ದಂಡನಾಯಕ ಕಾಲಿನ್ ಕ್ಯಾಂಪ್‌ಬೆಲ್ ಜುಲೈ 12ರಂದು ಹೊರಟು, ಈಜಿಪ್ಟಿನವರೆಗೆ ಹಡಗು, ಅಲ್ಲಿ ನೆಲದ ದಾರಿ, ಸೂಯೆಜ್‌ನಿಂದ ಮತ್ತೆ ಹಡಗು ಹೀಗೆ ಬಂದು ಆಗಸ್ಟ್ ಮಧ್ಯದೊಳಗೆ ಕಲ್ಕತ್ತದಲ್ಲಿದ್ದ. ಒಂದು ತಿಂಗಳಲ್ಲಿ! ಆದರೆ ಅವನ ಸೈನಿಕರಲ್ಲಿ ಹೆಚ್ಚಿನವರನ್ನು ತುಂಬಿದ್ದು ಆಫ್ರಿಕಾ ಸುತ್ತಿ ಬರುವ ಹಡಗುಗಳಿಗೆ. ಸೆಪ್ಟೆಂಬರಿನಲ್ಲಿ ದೆಹಲಿ ಮತ್ತೆ ಬ್ರಿಟಿಷರ ಕೈ ಸೇರಿದಾಗ ಆ ಪಲ್ಟನ್ನುಗಳು ಇನ್ನೂ ಸಮುದ್ರದ ಮೇಲೇ ಇದ್ದವು.

ಆಗಸ್ಟಿನಲ್ಲಿ 54ನೇ ಪಲ್ಟನ್ ಹೊತ್ತು ಇಂಗ್ಲೆಂಡಿನಿಂದ ಹೊರಟ 'ಸಾರಾ ಸ್ಯಾಂಡ್ಸ್' ಹಡಗು ನವೆಂಬರ್ 11ರಂದು ಕೂಡ ಹಿಂದೂ ಮಹಾಸಾಗರದ ನಡುವೆ ಇತ್ತು. ಅವತ್ತು ಹಡಗಿಗೆ ಬೆಂಕಿ ಬಿತ್ತು. ಹೆಂಗಸರು ಮಕ್ಕಳನ್ನು ದೋಣಿಗಿಳಿಸಿ, ಸಿಪಾಯಿಗಳು ಹೊಗೆಯೊಳಗೆ ನುಗ್ಗಿ ಮದ್ದಿನ ಪೀಪಾಯಿಗಳನ್ನು ಹೊತ್ತು ತಂದು ಸಮುದ್ರಕ್ಕೆ ಎಸೆದರು. ಹಡಗಿನ ಹಿಂಭಾಗ ಸುಟ್ಟು ಬರಿ ಕಬ್ಬಿಣದ ಗೂಡಾಯಿತು. ಆದರೂ ಒಂದು ಜೀವವೂ ಹೋಗಲಿಲ್ಲ. ಹನ್ನೆರಡು ದಿನ ತೆವಳಿಕೊಂಡು ಮಾರಿಷಸ್ ಸೇರಿದರು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1852ರಲ್ಲಿ 'ಬರ್ಕನ್‌ಹೆಡ್' ಅನ್ನೋ ಉಗಿಹಡಗು ಐರ್ಲೆಂಡಿನಿಂದ 47 ದಿನದಲ್ಲಿ ದಕ್ಷಿಣ ಆಫ್ರಿಕಾ ತಲುಪಿತ್ತು. ಆ ಕಾಲಕ್ಕೆ ಅದು ಬಲು ಬೇಗ. ಅಲ್ಲಿಂದ ಮುಂದೆ ಹೊರಟ ಮರುದಿನ ಬೆಳಗಿನ ಜಾವ, ಫೆಬ್ರವರಿ 26ರಂದು, ಬಂಡೆಗೆ ಬಡಿಯಿತು. ಸಿಪಾಯಿಗಳು ಸಾಲುಗಟ್ಟಿ ಅಲುಗದೆ ನಿಂತು ಹೆಂಗಸರು ಮಕ್ಕಳ ದೋಣಿ ಸುರಕ್ಷಿತವಾಗಿ ಹೋಗಲು ಬಿಟ್ಟರು. ಸುಮಾರು 640 ಜನರಲ್ಲಿ ಉಳಿದವರು 193. 'ಸುಮಾರು' ಅಂತ ಯಾಕೆ ಬರೆದೆವು ಅಂದರೆ, ಹಡಗಿನಲ್ಲಿದ್ದವರ ಹಾಜರಿ ಪುಸ್ತಕವೂ ಹಡಗಿನ ಜೊತೆಗೇ ಮುಳುಗಿತು. ನಮ್ಮಂಥ ಗುಮಾಸ್ತೆ ಕೆಲಸದವರಿಗೆ ಇಂಥ ಕಡೆ ಕೈ ನಡುಗುತ್ತೆ.

ಕಲ್ಲಿದ್ದಲು ಮತ್ತು ಕಾಲುವೆ

ದಾರಿ ಕುಗ್ಗಿಸಿದ್ದು ಎರಡು ವಸ್ತು. ಮೊದಲನೆಯದು ಉಗಿ. 1830ರ ಮಾರ್ಚ್ 20ರಂದು 'ಹ್ಯೂ ಲಿಂಡ್ಸೆ' ಎಂಬ ಪುಟ್ಟ ಉಗಿಹಡಗು ಬೊಂಬಾಯಿ ಬಿಟ್ಟು ಏಪ್ರಿಲ್ 22ಕ್ಕೆ ಸೂಯೆಜ್ ತಲುಪಿತು. ಗಾಳಿಯ ಹಂಗಿಲ್ಲದೆ ಕೆಂಪು ಸಮುದ್ರ ಏರಬಹುದು ಅಂತ ತೋರಿಸಿಕೊಟ್ಟಿತು. ಆದರೆ ಉಗಿಗೆ ಕಲ್ಲಿದ್ದಲು ಬೇಕು. ಹೋಗೋ ದಾರಿಗೆ ಬೇಕಾದಷ್ಟು ತುಂಬಿದರೆ ಹಡಗಿನಲ್ಲಿ ಮನುಷ್ಯರಿಗೆ ಜಾಗ ಇಲ್ಲ. ಅದಕ್ಕೇ ನಡುದಾರಿಯಲ್ಲಿ ಒಂದು ಕಲ್ಲಿದ್ದಲು ಗೋದಾಮು ಬೇಕಾಯಿತು. 1839ರ ಜನವರಿಯಲ್ಲಿ ಬೊಂಬಾಯಿಯಿಂದ ಹೋದ ದಂಡು ಏಡನ್ ಹಿಡಿದುಕೊಂಡದ್ದಕ್ಕೆ ಇದೂ ಮುಖ್ಯ ಕಾರಣ.

ಎರಡನೆಯದು ಸೂಯೆಜ್ ಕಾಲುವೆ, 1869ರ ನವೆಂಬರ್ 17ರಂದು ತೆರೆಯಿತು. ಆಫ್ರಿಕಾ ಸುತ್ತುವ ಸಾವಿರಾರು ಮೈಲಿ ಒಂದೇ ಏಟಿಗೆ ಉಳಿಯಿತು. ಸಿಪಾಯಿಗಳನ್ನು ಸಾಗಿಸಲೆಂದೇ ಬಿಳಿ ಬಣ್ಣದ ಐದು ದೊಡ್ಡ ಹಡಗುಗಳನ್ನು ಇದಕ್ಕೆ ಮೂರು ವರ್ಷ ಮುಂಚೆಯೇ ಕಟ್ಟಿದ್ದರು: ಕ್ರೊಕೊಡೈಲ್, ಯೂಫ್ರೆಟಿಸ್, ಜಮ್ನಾ, ಮಲಬಾರ್, ಸೆರಾಪಿಸ್. ಒಂದೊಂದರಲ್ಲಿ ಪೂರ್ತಿ ಒಂದು ಪಲ್ಟನ್ ಹಿಡಿಯುತ್ತಿತ್ತು. ಮೊದಲು ಎರಡು ಹಡಗು ಅಲೆಕ್ಸಾಂಡ್ರಿಯಾ ತನಕ, ಅಲ್ಲಿಂದ ಸೂಯೆಜ್‌ಗೆ ರೈಲು, ಸೂಯೆಜ್‌ನಿಂದ ಬೊಂಬಾಯಿಗೆ ಉಳಿದ ಮೂರು. ಕಾಲುವೆಯಾದ ಮೇಲೆ ಹತ್ತಿದ ಹಡಗಿನಲ್ಲೇ ಬೊಂಬಾಯಿ. ಒಂದು ತಿಂಗಳ ಆಸುಪಾಸಿನ ದಾರಿ. ಬೇಸಿಗೆಯಲ್ಲಿ ಮಾತ್ರ ಈ ಹಡಗುಗಳು ಓಡುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಕೆಂಪು ಸಮುದ್ರದ ಸೆಕೆಗೆ ಕಬ್ಬಿಣದ ಹಡಗಿನ ಹೊಟ್ಟೆಯಲ್ಲಿ ಜನ ಉಳಿಯೋದು ಕಷ್ಟ. ಜುಲೈ ತಿಂಗಳಲ್ಲಿ ಸೈಟಿನಲ್ಲಿ ನಿಂತವರು ಈ ಮಾತನ್ನು ನಂಬುತ್ತಾರೆ.

ಈಗ ನಮ್ಮ ಕಸುಬಿನ ಲೆಕ್ಕ ಒಂದು ಹಾಕೋಣ. 1870ರಲ್ಲಿ ಬ್ರಿಟನ್ ಹೊಸ ಕಾಯಿದೆ ತಂದಿತು. ಕಾಲಾಳು ಸಿಪಾಯಿ ಆರು ವರ್ಷ ಪಲ್ಟನ್ನಿನಲ್ಲಿ ದುಡಿದು ಆಮೇಲೆ ಮೀಸಲು ಪಡೆಗೆ ಹೋಗಬಹುದು. ಆರು ವರ್ಷ ಅಂದರೆ 72 ತಿಂಗಳು. ಹಾಯಿಹಡಗಿನಲ್ಲಿ ಹೋಗೋಕೆ ಐದು, ಬರೋಕೆ ಐದು ತಿಂಗಳು ಹಿಡಿದರೆ ಏಳರಲ್ಲಿ ಒಂದು ಪಾಲು ದಾರಿಗೇ ಖರ್ಚು. ಕಾಲುವೆಯ ದಾರಿಯಲ್ಲಿ ಎರಡೇ ತಿಂಗಳು, ನೂರಕ್ಕೆ ಮೂರು ಪಾಲೂ ಆಗೋದಿಲ್ಲ. ದಾರಿ ಉದ್ದ ಇದ್ದಾಗ ಯಾವ ಸರ್ಕಾರವೂ ಸಿಪಾಯಿಯನ್ನು ಬೇಗ ಮನೆಗೆ ಕಳಿಸೋಕೆ ಒಪ್ಪುತ್ತಿರಲಿಲ್ಲ, ಲುಕ್ಸಾನು. ದಾರಿ ಕುಗ್ಗಿದ ಮೇಲೆ ಕರಾರೂ ಕುಗ್ಗಿತು. ಜೀವಮಾನದ ವಿದಾಯ ಕೆಲವು ವರ್ಷದ ವಿದಾಯವಾಯಿತು. ನಮ್ಮ ಎರಡು ವರ್ಷದ ಕಾಂಟ್ರಾಕ್ಟಿನ ಹಿಂದೆಯೂ ಇಂಥದ್ದೇ ಒಂದು ಲೆಕ್ಕ ಇದೆ ಅಂತ ನಮಗನ್ನಿಸುತ್ತೆ: ಟಿಕೆಟ್ಟಿನ ಖರ್ಚು ಎಷ್ಟು, ಕೆಲಸದ ದಿನ ಎಷ್ಟು.

ಉಗಿಹಡಗುಗಳು ನಮ್ಮವರನ್ನೂ ಹೊತ್ತವು. ಅಬಿಸೀನಿಯಾದ ದೊರೆ ಸೆರೆಯಲ್ಲಿಟ್ಟಿದ್ದ ಬ್ರಿಟಿಷರನ್ನು ಬಿಡಿಸಲು 1867-68ರಲ್ಲಿ ದಂಡು ಹೊರಟಿತು. ಅದರಲ್ಲಿ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ದಂಡನಾಯಕ ನೇಪಿಯರ್ ಡಿಸೆಂಬರ್ ಕೊನೆಯಲ್ಲಿ ಬೊಂಬಾಯಿ ಬಿಟ್ಟು ಜನವರಿ 2ಕ್ಕೆ ಈಗಿನ ಎರಿಟ್ರಿಯಾದ ಜುಲಾ ದಡ ಸೇರಿದ. ಎರಡು ವಾರದ ಒಳಗೆ. ಆ ದಂಡಿನಲ್ಲಿ ಸೈನಿಕರು ಸುಮಾರು 13,000. ಅವರ ಜೊತೆ ಹೋದ ಕೂಲಿಗಳು, ಹೇಸರಗತ್ತೆ ನೋಡಿಕೊಳ್ಳುವವರು, ಅಡುಗೆಯವರು, ನೀರು ಹೊರುವವರು ಸೈನಿಕರಿಗಿಂತ ಹೆಚ್ಚು. 44 ಆನೆಗಳೂ ಹಡಗಿನಲ್ಲೇ ಹೋದವು. ಆನೆಗಳ ಸಂಖ್ಯೆ ಇಷ್ಟು ಕರಾರುವಾಕ್ಕಾಗಿ ಸಿಗುತ್ತೆ. ಕೂಲಿಗಳದು ಯಾವಾಗಲೂ 'ಸುಮಾರು'.

ಇಪ್ಪತ್ತಮೂರು ದಿನ, ಹದಿಮೂರು ರೂಪಾಯಿ

ವೆಲ್ಲೆಸ್ಲಿ ಹೊರಟು ಸರಿಯಾಗಿ ನೂರು ವರ್ಷಕ್ಕೆ, 1896ರ ಸೆಪ್ಟೆಂಬರಿನಲ್ಲಿ, ಇನ್ನೊಬ್ಬ ಅಧಿಕಾರಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಟ. ವಯಸ್ಸು 21, ಹೆಸರು ವಿನ್ಸ್ಟನ್ ಚರ್ಚಿಲ್. ಸಾವಿರಕ್ಕೂ ಹೆಚ್ಚು ಜನರ ಜೊತೆ ಬೊಂಬಾಯಿಗೆ 23 ದಿನದ ದಾರಿ. ದಡ ಮುಟ್ಟುವ ಆತುರದಲ್ಲಿ ಸಣ್ಣ ದೋಣಿಯಲ್ಲಿ ಸಸೂನ್ ಧಕ್ಕೆಗೆ ಬಂದು, ಗೋಡೆಯ ಕಬ್ಬಿಣದ ಬಳೆ ಹಿಡಿದ ಹೊತ್ತಿಗೆ ದೋಣಿ ಕೆಳಗಿಳಿದು ಅವನ ಬಲ ಭುಜ ಉಳುಕಿತು. ಆ ನೋವು ಜೀವಮಾನವಿಡೀ ಬಿಡಲಿಲ್ಲ. ಅಲ್ಲಿಂದ ಬೆಂಗಳೂರು ದಂಡಿಗೆ ಬಂದ, ಪೋಲೋ ಆಡಿದ, ಪುಸ್ತಕ ಓದಿದ. ನಡುವೆ ರಜೆ ಹಾಕಿ ಇಂಗ್ಲೆಂಡಿಗೂ ಹೋಗಿಬಂದ. ವೆಲ್ಲೆಸ್ಲಿಯ ಕಾಲದಲ್ಲಿ ಇದು ಕನಸಲ್ಲೂ ಆಗದ ಮಾತು. ಕೊನೆಗೆ ಬೆಂಗಳೂರು ಬಿಟ್ಟು ಹೋಗುವಾಗ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದ. ಆ 1899ರ ಪುಸ್ತಕವನ್ನು ಬೆಂಗಳೂರು ಕ್ಲಬ್ಬಿನಲ್ಲಿ ಇವತ್ತಿಗೂ ಜೋಪಾನ ಮಾಡಿದ್ದಾರೆ. ವಸೂಲಾಗದ ಬಾಕಿ ಅಂತ ಬರೆದ ಯಾವ ಗುಮಾಸ್ತನ ಪುಟವೂ ಇಷ್ಟು ಹೆಸರು ಮಾಡಿರಲಾರದು.

ಹತ್ತು ತಿಂಗಳು 23 ದಿನವಾಯಿತು. ಆ 23 ದಿನ ಈಗ ಕೆಲವು ಗಂಟೆ. ದಾರಿಯ ಬಾಬತ್ತು ಹೆಚ್ಚುಕಮ್ಮಿ ಸೊನ್ನೆಗೆ ಬಂತು. ಹಾಗಾದರೆ ಅಗಲಿಕೆಯೂ ಸೊನ್ನೆಗೆ ಬರಬೇಕಿತ್ತಲ್ಲ?

ಬಂದಿಲ್ಲ. ಯಾಕೆಂದರೆ ದಾರಿಯ ಉದ್ದ ಒಂದು ಪುಸ್ತಕದಲ್ಲಿ, ಯಾರು ಜೊತೆಗೆ ಬರಬಹುದು ಅನ್ನೋದು ಇನ್ನೊಂದು ಪುಸ್ತಕದಲ್ಲಿ. ಮೊದಲಿನದನ್ನು ಎಂಜಿನ್ನು ತಿದ್ದಿತು. ಎರಡನೆಯದನ್ನು ತಿದ್ದಿಲ್ಲ. ಇಲ್ಲಿ ಹೆಂಡತಿ ಮಕ್ಕಳನ್ನು ಕರೆಸಬೇಕಾದರೆ ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ವಾಸಕ್ಕೆ ಮನೆ ಇರಬೇಕು ಅನ್ನೋದು ನಮಗೆಲ್ಲ ಬಾಯಿಪಾಠ. ಅದಕ್ಕಿಂತ ಕಡಿಮೆ ಇರುವವನು ಚೀಟಿ ಎತ್ತುವ ಹಾಗೂ ಇಲ್ಲ. ಮಗಳ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ನೋಡುತ್ತಾನೆ, ಅದೇ ಕ್ಷಣದಲ್ಲಿ ನೋಡುತ್ತಾನೆ ಅನ್ನೋದು ನಿಜವಾಗಿಯೂ ದೊಡ್ಡದು, ಅದನ್ನು ನಾವು ಹಗುರ ಮಾಡೋದಿಲ್ಲ. ಧಕ್ಕೆಯ ಮೇಲೆ ನಿಂತಿದ್ದ ಆ ಹೆಣ್ಣುಮಗಳಿಗೆ ಆ ಭಾಗ್ಯವೂ ಇರಲಿಲ್ಲ. ಆದರೆ ನಡೆಯುವಾಗ ಬಿದ್ದ ಮಗಳನ್ನು ಎತ್ತಿಕೊಳ್ಳೋಕೆ ಮೂರೂವರೆ ಗಂಟೆಯೂ ದೂರವೇ.

ಕೊನೆಗೊಂದು ಕೋರಿಕೆ. ನಮ್ಮಲ್ಲಿ ಹಿರಿಯರು ಕೆಲವರು ವಿಮಾನದಲ್ಲಿ ಬಂದವರಲ್ಲ. ಬೊಂಬಾಯಿಯಿಂದ ಈ ಕೊಲ್ಲಿಗೆ ಓಡುತ್ತಿದ್ದ 'ದ್ವಾರಕಾ' ಹಡಗು 1982ರ ತನಕ ಇತ್ತು. ಅದರ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಬಂದವರು ನಿಮ್ಮ ಪರಿಚಯದಲ್ಲಿದ್ದರೆ ಒಂದು ಸಂಜೆ ಅವರ ಹತ್ತಿರ ಕೂತು ಕೇಳಿ: ಎಷ್ಟು ದಿನ ಹಿಡಿಯಿತು, ಏನು ತಿಂದಿರಿ, ಮನೆಗೆ ಮೊದಲ ಕಾಗದ ಯಾವಾಗ ಮುಟ್ಟಿತು, ಮನೆಯವರನ್ನು ಮತ್ತೆ ನೋಡಿದ್ದು ಎಷ್ಟು ವರ್ಷಕ್ಕೆ. ಬರೆದಿಡಿ, ನಮ್ಮ ಪತ್ರಿಕೆಗೂ ಕೊಡಿ. ಕೂಲಿಗಳ ಲೆಕ್ಕ 'ಸುಮಾರು' ಅಂತ ಉಳಿದದ್ದು ಅವತ್ತು ಯಾರೂ ಕೂತು ಬರೆಯದೆ ಹೋದದ್ದರಿಂದ. ನಮ್ಮ ಲೆಕ್ಕವಾದರೂ ನಾವೇ ಬರೆದಿಡೋಣ.